ಹಾಡಿಲ್ಲದ ಬಾಜು

ನಮ್ಮ ಮನೆಯಲ್ಲಿ ಕಿವಿ ಎಂಬುದು ಇದ್ದದ್ದು ಅಪ್ಪನಿಗೊಬ್ಬನಿಗೇ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೆವು. ಅಪ್ಪನೂ ಒಪ್ಪಿಕೊಂಡಿದ್ದ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆ ಕೊಳ್ಳಬೇಕಾದರೆ ಕಾರ್ಖಾನೆ ಕ್ವಾರ್ಟರ್ಸಿನ ಅರ್ಧ ಮಂದಿ ಅವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅವನು ಬೆರಳ ಗೆಣ್ಣಿನಿಂದ ಒಂದೊಂದೇ ಗಡಿಗೆ ತಟ್ಟಿ, ಕಣ್ಣು ಮುಚ್ಚಿ ಕೇಳಿ, "ಇದು ಸೀಳೈತಿ ಬಿಡ್ರಿ, ಅದನ್ನ ತಗೋರಿ" ಎನ್ನುತ್ತಿದ್ದ. ಹೊಟ್ಟೆಪಾಡೂ ಅದೇ ಆಗಿತ್ತು. ಹೈದರಾಬಾದಿನ ಹೊರವಲಯದ ಒಂದು ಸರಕಾರಿ ಕಾರ್ಖಾನೆಯಲ್ಲಿ ಅಪ್ಪ ತಪಾಸಣೆ ವಿಭಾಗದಲ್ಲಿದ್ದ. ಫೌಂಡ್ರಿಯಲ್ಲಿ ಎರಕ ಹೊಯ್ದ ಕಬ್ಬಿಣದ ಭಾಗಗಳು ಅವನ ಮುಂದೆ ಬಂದರೆ ಸಣ್ಣ ಸುತ್ತಿಗೆಯಿಂದ ಹೊಡೆದು ಕೇಳುವುದು ಅವನ ಕೆಲಸ. ಠಣ್ ಎಂದು ದನಿ ಎಳೆದರೆ ಪಾಸು. ದಬ್ ಎಂದು ಅಲ್ಲೇ ಸತ್ತರೆ ಒಳಗೆ ಬಿರುಕಿದೆ ಎಂದರ್ಥ, ಮತ್ತೆ ಕುಲುಮೆಗೆ.

ಶನಿವಾರ ಸಂಜೆ ನಮ್ಮ ಮನೆಯಲ್ಲಿ ಗಾಯನ. ಧಾರವಾಡ, ಗದಗ, ವಿಜಾಪುರ, ರಾಯಚೂರು ಕಡೆಯಿಂದ ಬಂದು ಕಾರ್ಖಾನೆ ಸೇರಿದ್ದ ನಾಲ್ಕಾರು ಮನೆಯವರು ಕೂಡಿ ದಾಸರ ಪದ ಹಾಡುತ್ತಿದ್ದರು, ಹುರುಪು ಬಂದರೆ ಹಿಂದುಸ್ತಾನಿ ಖ್ಯಾಲಿಗೂ ಕೈಹಾಕುತ್ತಿದ್ದರು. ಅವ್ವನ ದನಿ ಚೆನ್ನಾಗಿತ್ತು. ತಂಬೂರಿ ಶ್ರುತಿ ಮಾಡುವವನು ಅಪ್ಪ. ಅವನು ಮಾಡಿಟ್ಟ ಮೇಲೆ ಬಿರಡೆಗೆ ಇನ್ನೊಬ್ಬರು ಕೈ ಹಚ್ಚುವಂತಿರಲಿಲ್ಲ. ತಬಲಾ ನುಡಿಸುವವರು ಫೌಂಡ್ರಿಯ ಫೋರ್‌ಮನ್. ಅವರನ್ನು ನಾನು ತಬಲಾ ಕಾಕಾ ಎಂದೇ ಕರೆಯುತ್ತಿದ್ದೆ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ, ಆದರೆ ಕೈ ಮಾತ್ರ ಬೆಣ್ಣೆಯಂಥದು. ಹಗಲೆಲ್ಲ ಕಾಕಾ ಎರಕ ಹೊಯ್ಯುವುದು, ಅಪ್ಪ ಅದನ್ನು ಹೊಡೆದು ನೋಡುವುದು, ಶನಿವಾರ ಇಬ್ಬರೂ ಒಂದೇ ಜಮಖಾನದ ಮೇಲೆ ಕೂಡುವುದು.

ನಾನು ಮಾತ್ರ ಚಹಾ ಕೊಟ್ಟು ಹಿಂದಿನ ಕೋಣೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಗಾಯನದ ಮೇಲೆ ನನಗೆ ದ್ವೇಷವೇನೂ ಇರಲಿಲ್ಲ. ಹುಟ್ಟಿದಾಗಿನಿಂದ ಕೇಳಿ ಕೇಳಿ ತಲೆಚಿಟ್ಟು ಹಿಡಿದಿತ್ತು, ಅಷ್ಟೇ. ಮೇಲಾಗಿ ಅಲ್ಲಿ ಕೂತರೆ ಎರಡನೆಯ ಸಲದ ಚಹಾವೂ ನನ್ನ ಪಾಲಿಗೇ ಬರುತ್ತಿತ್ತು.

ಎಂಬತ್ತರ ದಶಕದ ಮಾತಿದು. ನಾನಾಗ ಡಿಗ್ರಿ ಓದುತ್ತಿದ್ದೆ. ಭಾನುವಾರ ಬಸ್ಸು ಹಿಡಿದು ಪೇಟೆಯ ಅಬಿಡ್ಸಿಗೆ ಹೋದರೆ ಮುಚ್ಚಿದ ಅಂಗಡಿಗಳ ಮುಂದೆ ಫುಟ್‌ಪಾತಿನ ತುಂಬ ಹಳೇ ಪುಸ್ತಕ. ನಡುನಡುವೆ ಕ್ಯಾಸೆಟ್ಟು ಹರಡಿಕೊಂಡು ಕೂಡುವವರೂ ಇರುತ್ತಿದ್ದರು. ಓದು ಮುಗಿಸಿ ತಮ್ಮ ದೇಶಕ್ಕೆ ಮರಳುವ ವಿದ್ಯಾರ್ಥಿಗಳು ಮಾರಿಹೋದ ಮಾಲು ಅದು. ಅಂಥ ಒಂದು ರಾಶಿಯಲ್ಲಿ ನನಗೊಂದು ಕ್ಯಾಸೆಟ್ಟು ಸಿಕ್ಕಿತು. ಯಾರೋ ಮನೆಯಲ್ಲೇ ನಕಲು ತೆಗೆದದ್ದು. ಜಮೈಕಾದ ಒಬ್ಬ ಹಾಡುಗಾರ. ಕೇಳಿದರೆ ಹೆಂಗಸೋ ಗಂಡಸೋ ಎಂದು ಅನುಮಾನ ಬರುವಷ್ಟು ಎತ್ತರದ, ಸಣ್ಣ ದನಿ. ಅಜ್ಜಂದಿರನ್ನು ಹಡಗಿನಲ್ಲಿ ತುಂಬಿ ತಂದು ಮಾರಿದ್ದು, ಹೊಟ್ಟೆಗಿಲ್ಲದ್ದು, ಒಂದಲ್ಲ ಒಂದು ದಿನ ಮನೆಗೆ ಮರಳುವುದು, ಇವೇ ಅವನ ಹಾಡುಗಳು. ಅಳುವುದಿಲ್ಲ, ಕೂಗುವುದಿಲ್ಲ, ನೆರೆಮನೆಯವರಿಗೆ ಸುದ್ದಿ ಹೇಳಿದಂತೆ ಹಾಡಿ ಮುಗಿಸುತ್ತಾನೆ. ನಾನು ಆ ದನಿಗೆ ಬಿದ್ದುಹೋದೆ.

ಆಮೇಲೆ ಕ್ಯಾಸೆಟ್ಟು ತಿರುವಿ ಹಾಕಿದರೆ ಎರಡನೆಯ ಬಾಜು ಕೆಟ್ಟುಹೋಗಿತ್ತು. ಅವೇ ಹಾಡುಗಳು, ಅದೇ ಕ್ರಮ, ಆದರೆ ಹಾಡುಗಾರ ಇಲ್ಲ. ಮೊದಲ ಸಾಲಿನ ಒಂದು ಶಬ್ದ ಬಂತು ಅನ್ನುವಷ್ಟರಲ್ಲಿ ಅದು ಪ್ರತಿಧ್ವನಿಯಾಗಿ ಹಿಂದೆ ಹಿಂದೆ ಸರಿದು ಕಾಣೆಯಾಗುತ್ತಿತ್ತು. ಉಳಿಯುತ್ತಿದ್ದದ್ದು ಡ್ರಮ್ಮು ಮತ್ತು ಬೇಸ್ ಗಿಟಾರು. ಯಾರೋ ಪುಣ್ಯಾತ್ಮರು ರೆಕಾರ್ಡ್ ಗುಂಡಿ ಒತ್ತಿ ಹಾಡನ್ನು ಅಳಿಸಿದ್ದಾರೆ ಎಂದುಕೊಂಡು ಮುಂದಿನ ಭಾನುವಾರ ಜಗಳಕ್ಕೇ ಹೋದೆ. ಮಾರುವವನು ನನ್ನ ಸಿಟ್ಟಿಗೆ ಸೊಪ್ಪು ಹಾಕಲಿಲ್ಲ.

"ಖರಾಬ್ ನಕ್ಕೋ ಬೋಲೋ ಅಮ್ಮಾ, ಗಾನಾ ಐಸಾಚ್ ಹೈ" ಎಂದ.

ಕೆಟ್ಟಿಲ್ಲವಂತೆ, ಹಾಡೇ ಹಾಗಿದೆಯಂತೆ! ನಾನು ದನಿ ಏರಿಸಿದೆ. ಪಕ್ಕದಲ್ಲಿ ಪುಸ್ತಕ ನೋಡುತ್ತಿದ್ದ ಆಫ್ರಿಕಾದ ವಿದ್ಯಾರ್ಥಿಯೊಬ್ಬ ನಡುವೆ ಬಂದು, ಮಾರುವವನು ಹೇಳುವುದು ಸರಿ ಎಂದು ತಿಳಿಸಿದ. ಹಾಡು ರೆಕಾರ್ಡ್ ಆದ ಮೇಲೆ ಅದನ್ನು ಸ್ಟುಡಿಯೋದಲ್ಲಿ ಯಂತ್ರದ ಮುಂದೆ ಕೂಡುವವನ ಕೈಗೆ ಕೊಡುತ್ತಾರಂತೆ. ಅವನು ಹಾಡುಗಾರನ ದನಿಯನ್ನು ಇಳಿಸಿ, ಗಿಟಾರನ್ನು ಇಷ್ಟಿಷ್ಟೇ ಬಿಟ್ಟು, ಡ್ರಮ್ಮು ಬೇಸುಗಳನ್ನು ಮುಂದೆ ತಂದು ಮತ್ತೊಂದು ಹಾಡು ಮಾಡುತ್ತಾನೆ. ಅದಕ್ಕೆ ಡಬ್ ಎಂದು ಹೆಸರು. ಓಣಿಗಳಲ್ಲಿ ದೊಡ್ಡ ದೊಡ್ಡ ಸ್ಪೀಕರು ಹಚ್ಚಿ ಕುಣಿಯುವವರಿಗೆ ಆ ಬಾಜುವೇ ಹೆಚ್ಚು ಪ್ರೀತಿ. ನನ್ನ ಮುಖ ಸಪ್ಪಗಾಯಿತು. ಮಾರುವವನು ಗೆದ್ದವನ ಹಾಗೆ ಬೀಡಿ ಹಚ್ಚಿದ.

ಮನೆಗೆ ಬಂದು ಮತ್ತೆ ಕೇಳಿದೆ. ಕೆಟ್ಟಿದೆ ಎಂದು ಕೇಳುವುದು ಬೇರೆ, ಬೇಕೆಂದೇ ಹಾಗೆ ಮಾಡಿದ್ದಾರೆ ಎಂದು ಕೇಳುವುದು ಬೇರೆ. ಮೊದಲ ಬಾಜು ಬಾಯಿಪಾಠವಾಗಿದ್ದರಿಂದ ಎರಡನೆಯದನ್ನು ಕೇಳುವಾಗ ಬಿಟ್ಟುಹೋದ ಸಾಲುಗಳನ್ನು ನಾನೇ ಒಳಗೊಳಗೆ ಹಾಡಿಕೊಳ್ಳುತ್ತಿದ್ದೆ. ಕೆಲವು ದಿನಗಳಲ್ಲಿ ಎರಡೂ ಬಾಜು ಒಂದಾದ ಮೇಲೊಂದು ಹಾಕುವುದು ನನ್ನ ರೂಢಿಯಾಯಿತು.

ಅಪ್ಪನಿಗೆ ಮೊದಮೊದಲು ಮೈಯೆಲ್ಲ ಉರಿ. ಪಡಸಾಲೆಯಲ್ಲಿ ಪೇಪರು ಓದುತ್ತ ಕೂತವನು ಕೂಗುತ್ತಿದ್ದ.

"ಯಾರವಾ ಅವ, ಹಲ್ಲುಬ್ಯಾನಿ ಬಂದವರಂಗ ಕುಂಯ್‌ಗುಡತಾನ? ಬಂದ್ ಮಾಡ ಅದನ್ನ."

"ನಿಮ್ಮ ಖ್ಯಾಲ ಹಾಡೋರು ಅರ್ಧಾ ತಾಸು ಆ ಆ ಅಂತಾರಲ್ಲ, ಅವರಿಗೇನು ಬ್ಯಾನಿ?" ಎಂದು ನಾನು ಒಳಗಿಂದಲೇ ಕೊಡುತ್ತಿದ್ದೆ.

"ಕ್ವಾಣನ ಮುಂದ ಕಿನ್ನರಿ ಬಾರಿಸಿದಂಗ ಆತು ನಿನಗ ಸಂಗೀತ ಕಲಿಸಿದ್ದು" ಎಂದು ಅಪ್ಪ ಪೇಪರು ಮಡಿಸುತ್ತಿದ್ದ. ಇದು ನಮ್ಮಿಬ್ಬರ ದಿನದ ಊಟದ ಉಪ್ಪಿನಕಾಯಿ. ಯಾರಿಗೂ ನಿಜವಾದ ಸಿಟ್ಟು ಇರಲಿಲ್ಲ.

ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಅಪ್ಪ ಬೈಯುವುದನ್ನು ಬಿಟ್ಟ. ನಾನು ಗೆದ್ದೆ ಎಂದುಕೊಂಡೆ. ಅಷ್ಟೇ ಅಲ್ಲ, ಒಂದು ದಿನ ಹಿಂದಿನ ಕೋಣೆಯ ಹೊಸ್ತಿಲಿಗೆ ಬಂದು ನಿಂತು, ಬಾಗಿಲ ಚೌಕಟ್ಟಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ನಕ್ಕ.

"ಇದೊಂದು ಮಜಾ ಐತಿ ನೋಡವಾ. ಸಮ್ಮಿಗೆ ಪೆಟ್ಟಽ ಇಲ್ಲ. ಸಮ್ ಖಾಲಿ ಬಿಟ್ಟು ಮೂರನೇದಕ್ಕ ಭಾರ ಹಾಕ್ಯಾರ. ಎಂಥಾ ಮಂದಿ!"

ಹಿಂದುಸ್ತಾನಿ ತಾಳದಲ್ಲಿ ಸಮ್ ಎಂದರೆ ಮೊದಲ ಪೆಟ್ಟು. ಹಾಡುಗಾರ ಎಲ್ಲಿ ಅಲೆದಾಡಿದರೂ ಕೊನೆಗೆ ಬಂದು ಸೇರಬೇಕಾದ ಜಾಗ. ಈ ಸಂಗೀತದಲ್ಲಿ ಅದೇ ಜಾಗದಲ್ಲಿ ಡ್ರಮ್ಮು ಸುಮ್ಮನಿರುತ್ತದೆ. ನಾನು ಅಷ್ಟು ದಿನ ಕೇಳಿದ್ದೂ ಇದನ್ನು ಗಮನಿಸಿರಲಿಲ್ಲ. ಅಪ್ಪನ ಮೇಲೆ ನನಗೆ ಭಾಳ ಪ್ರೀತಿ ಉಕ್ಕಿತು.

"ಹಾಡಿಲ್ಲದ ಈ ಬಾಜು ಛಲೋ ಐತಿ. ಆ ಕುಂಯ್‌ಗುಡೋನ್ನ ತಗದು ಪುಣ್ಯಾ ಕಟ್ಟಿಕೊಂಡಾರ" ಎಂದ. ಅಂದಿನಿಂದ ಸಂಜೆ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದ ಮೇಲೆ, "ಹಚ್ಚವಾ ನಿನ್ನ ಹಾಡಿಲ್ಲದ್ದು" ಎನ್ನುವುದು ಶುರುವಾಯಿತು.

ಅದೇ ಹೊತ್ತಿಗೆ ಅಪ್ಪ ಉಳಿದೆಲ್ಲದರ ಮೇಲೂ ಗೊಣಗತೊಡಗಿದ್ದ. ಈಗಿನ ಮಂದಿ ಬಾಯೊಳಗೇ ಮಾತಾಡುತ್ತಾರೆ. ರೇಡಿಯೋದವರು ಸರಿಯಾಗಿ ಉಚ್ಚಾರ ಮಾಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಫೌಂಡ್ರಿ ಹಾಳಾಗಿಹೋಗಿದೆ. ಊಟಕ್ಕೆ ಕೂತರೆ ಅದೇ ಪುರಾಣ.

"ಹತ್ತು ತುಂಡು ಹೊಡದ್ರ ಎಂಟು ದಬ್ ಅಂತಾವು. ಕೇಳಿದ್ರ ಮರಳು ಸರಿ ಇಲ್ಲ, ಕಲ್ಲಿದ್ದಲು ಸರಿ ಇಲ್ಲ ಅಂತಾರ. ಕುಣಿಲಾರದವರು ನೆಲಾ ಡೊಂಕ ಅಂದ್ರಂತ."

"ನಿಮ್ಮ ಗೆಳೆಯಾರು ಅಲ್ಲೇನ್ರಿ ಅವರು?" ಎಂದು ಅವ್ವ ಮೆಲ್ಲಗೆ ಕೇಳುತ್ತಿದ್ದಳು. ಅವನಿಗೆ ಕೇಳಿಸಲಿಲ್ಲವೆಂದರೆ ಮತ್ತೆ ಕೇಳುತ್ತಿರಲಿಲ್ಲ.

ಅಪ್ಪ ಗೆಳೆತನ ಬೇರೆ, ಎರಕ ಬೇರೆ ಎನ್ನುವ ಜಾತಿಯವನು. ವರದಿಯ ಮೇಲೆ ವರದಿ ಬರೆದ. ಫೌಂಡ್ರಿಯ ಮಾಲು ರಾಶಿ ರಾಶಿಯಾಗಿ ವಾಪಸು ಹೋಗಿ ಕರಗತೊಡಗಿತು. ಕೊನೆಗೆ ಕಾಕಾರಿಗೆ ಮೇಲಿನಿಂದ ಮೆಮೊ ಬಂತು. ವಿಚಾರಣೆ ನಡೆಯುತ್ತದೆ, ತಪ್ಪು ಅವರದೇ ಎಂದಾದರೆ ಫೋರ್‌ಮನ್‌ಗಿರಿ ಹೋಗುತ್ತದೆ ಎಂದು ಕ್ವಾರ್ಟರ್ಸಿನಲ್ಲೆಲ್ಲ ಸುದ್ದಿಯಾಯಿತು. ಜೀವಮಾನವೆಲ್ಲ ಕುಲುಮೆಯ ಮುಂದೆ ಬೆಂದ ಮನುಷ್ಯನನ್ನು ಯಾವುದೋ ಮೂಲೆಗೆ ತಳ್ಳುತ್ತಾರೆ ಎಂದು ಅವ್ವ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ಆದರೂ ಕಾಕಾ ಶನಿವಾರ ತಪ್ಪಿಸಲಿಲ್ಲ. ಬಂದು ಅಪ್ಪನಿಗೆ ನಮಸ್ಕಾರ ಮಾಡಿ, ತಬಲಾದ ಮೇಲಿನ ಬಟ್ಟೆ ಬಿಚ್ಚಿ ಕೂಡುತ್ತಿದ್ದರು. ನನಗೆ ಅವರ ಈ ಸಹನೆ ಕಂಡು ರೇಗುತ್ತಿತ್ತು. ಜಗಳವಾಡಬಾರದೇ ಈ ಮನುಷ್ಯ ಎನಿಸುತ್ತಿತ್ತು.

ವಿಚಾರಣೆ ಹತ್ತಿರ ಬಂದಿದ್ದ ಒಂದು ಭಾನುವಾರ ಮಧ್ಯಾಹ್ನ. ಊಟವಾಗಿತ್ತು. ಅಪ್ಪ ಹಿಂದಿನ ಕೋಣೆಗೆ ಬಂದು ಗೋಡೆಗೊರಗಿ ಕೂತ. ನಾನು ಟೂ-ಇನ್-ಒನ್ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದೆ. ಒಳಗೆ ಯಾವ ಬಾಜು ಇತ್ತೆಂದು ನೋಡಿರಲಿಲ್ಲ. ಹಾಡಿದ್ದ ಬಾಜುವೇ ಇತ್ತು. ಮನೆಗೆ ಮರಳುವ ಹಾಡನ್ನು ಆ ಸಣ್ಣ ದನಿಯವನು ಎತ್ತಿಕೊಂಡ. ಇನ್ನೇನು ಅಪ್ಪ ಬೈಯುತ್ತಾನೆ, ತಿರುವಿ ಹಾಕಬೇಕು ಎಂದು ಕೈಚಾಚಿದೆ. ಅಪ್ಪ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ.

"ಛಲೋ ಐತಿ ಬಿಡು. ಹಾಡಿಲ್ಲದ ಬಾಜು ಕೇಳಿದ್ರ ತಲಿ ಹಗರ ಆಕ್ಕೈತಿ" ಎಂದ.

ಚೇಷ್ಟೆ ಮಾಡುತ್ತಿದ್ದಾನೆ ಎಂದು ನಾನು ನಕ್ಕೆ. ಅವನು ಕಣ್ಣು ತೆರೆದು ಯಾಕೆ ನಗುತ್ತೀ ಎನ್ನುವಂತೆ ನೋಡಿದ. ಅಲ್ಲಿ ಚೇಷ್ಟೆ ಇರಲಿಲ್ಲ. ಹಾಡುಗಾರ ತನ್ನ ಎತ್ತರದ ಜಾಗಕ್ಕೆ ಏರಿ ಅಲ್ಲೇ ನಿಂತು ಹಾಡುತ್ತಿದ್ದ.

"ಅಪ್ಪಾ, ಅವ ಹಾಡಾಕತ್ತಾನ" ಎಂದೆ.

"ಆಂ?"

"ಹಾಡಾಕತ್ತಾನ. ಇದು ಹಾಡಿದ್ದ ಬಾಜು."

ಅಪ್ಪ ತಾಳ ನಿಲ್ಲಿಸಿದ. ಪೆಟ್ಟಿಗೆಯ ಕಡೆ ನೋಡಿದ, ನನ್ನ ಕಡೆ ನೋಡಿದ. "ಈಗ?"

"ಈಗೂ."

ಅವನು ಮುಂದಕ್ಕೆ ಸರಿದು ಸ್ಪೀಕರಿಗೆ ಕಿವಿಯಿಟ್ಟ. ನಾನು ದನಿ ಏರಿಸುತ್ತ ಹೋದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡ ಸದ್ದಾಯಿತು. ಆಮೇಲೆ ಅಪ್ಪ ಮೆಲ್ಲಗೆ ತಲೆಯಾಡಿಸಿದ.

"ಹೌದು. ಯಾರೋ ಬಾವ್ಯಾಗ ನಿಂತು ಮಾತಾಡಿದಂಗ ಕೇಳಸ್ತೈತಿ." ನನ್ನ ಕಡೆ ತಿರುಗಿ, "ದಿನಾ ಸಂಜೀಕ ಯಾವ ಬಾಜು ಹಚ್ಚತಿದ್ದಿ?" ಎಂದು ಕೇಳಿದ.

"ಎರಡೂ. ಒಂದರ ಮ್ಯಾಲೆ ಒಂದು" ಎಂದೆ. ಸುಳ್ಳು ಹೇಳಲು ನನಗೆ ತೋಚಲಿಲ್ಲ.

ಅವನು ಎದ್ದು ಅಡುಗೆಮನೆಗೆ ಹೋದ. ಹಿಂದೆಯೇ ನಾನೂ ಹೋದೆ. ಅಲ್ಲಿ ಅವ್ವನ ತವರಿನ ಹಿತ್ತಾಳೆ ಕೊಡ ಖಾಲಿಯಿತ್ತು. ಅದನ್ನು ಕಟ್ಟೆಯ ಮೇಲಿಟ್ಟು ಲಟ್ಟಣಿಗೆಯಿಂದ ಹೊಡೆದ. ಕೊಡ ಠಣ್ ಎಂದು ದೇವಸ್ಥಾನದ ಗಂಟೆಯಂತೆ ಎಳೆಯಿತು. ಅಪ್ಪ ಅವ್ವನನ್ನು ಕೇಳಿದ:

"ಇದು ಹೆಂಗ ಅಂತು?"

"ಠಣ್ ಅಂತರಿ" ಎಂದಳು ಅವ್ವ.

"ನನಗ ದಬ್ ಅಂತು." ಲಟ್ಟಣಿಗೆಯನ್ನು ಜೋಪಾನವಾಗಿ ಅದರ ಜಾಗದಲ್ಲೇ ಇಟ್ಟು ಅಪ್ಪ ನೆಲದ ಮೇಲೆ ಕುಳಿತ. "ಎರಕಾ ಛಲೋ ಇತ್ತು" ಎಂದ. ನಮಗಲ್ಲ, ತನಗೇ ಹೇಳಿಕೊಂಡ.

ಸೋಮವಾರ ಅವನು ಮಾಡಿದ್ದು ನನಗೆ ಆಮೇಲೆ ತಿಳಿಯಿತು. ವಾಪಸು ಕಳಿಸಲು ತೆಗೆದಿಟ್ಟಿದ್ದ ರಾಶಿಯನ್ನು ಮತ್ತೊಬ್ಬ ತಪಾಸಣೆಯವನಿಂದ ಹೊಡೆಸಿ, ಅವನ ಮುಖ ನೋಡುತ್ತ ನಿಂತನಂತೆ. ಮಾಲು ಹೆಚ್ಚುಕಡಿಮೆ ಎಲ್ಲ ಪಾಸಾಯಿತು. ಅಲ್ಲಿಂದ ನೇರ ಮ್ಯಾನೇಜರರ ಕೋಣೆಗೆ ಹೋಗಿ, ಫೌಂಡ್ರಿ ಕೆಟ್ಟಿಲ್ಲ, ಕೆಟ್ಟದ್ದು ನನ್ನ ಕಿವಿ, ವಿಚಾರಣೆ ನನ್ನ ಮೇಲಾಗಲಿ ಎಂದನಂತೆ. ಡಾಕ್ಟರು ಪರೀಕ್ಷೆ ಮಾಡಿ, ಇಷ್ಟು ವರ್ಷ ಕಾರ್ಖಾನೆಯ ಗದ್ದಲದಲ್ಲಿ ನಿಂತದ್ದಕ್ಕೆ ಹೀಗಾಗಿದೆ, ಸಣ್ಣ ಎತ್ತರದ ದನಿಗಳೇ ಮೊದಲು ಹೋಗುತ್ತವೆ, ದಪ್ಪ ದನಿಗಳು ಉಳಿಯುತ್ತವೆ ಎಂದರು. ಆ ಹಾಡುಗಾರ ಹೋಗಿ ಬೇಸ್ ಗಿಟಾರು ಉಳಿದದ್ದು ಏಕೆಂದು ನನಗೆ ಆಗ ಅರ್ಥವಾಯಿತು. ನಾನು ಗೆದ್ದಿರಲಿಲ್ಲ. ಅಪ್ಪನಿಗೆ ಡಬ್ ಸಂಗೀತ ಹಿಡಿಸಿದೆ ಎಂದು ನಾನು ಬೀಗುತ್ತಿದ್ದ ದಿನಗಳಲ್ಲೆಲ್ಲ ಅವನ ಕಿವಿಯೇ ಒಂದು ಡಬ್ ಮಾಡುತ್ತ ಕೂತಿತ್ತು. ಮುಂದೆ ಕಾಕಾರ ಮೆಮೊ ವಾಪಸಾಯಿತು. ಅಪ್ಪನಿಗೆ ಸ್ಟೋರಿಗೆ ವರ್ಗವಾಯಿತು.

ಆ ವಾರದ ಶನಿವಾರ ನಾನು ಹಿಂದಿನ ಕೋಣೆಗೆ ಹೋಗಲಿಲ್ಲ. ವಾರದಿಂದ ಅಪ್ಪ ಯಾರು ಮಾತಾಡಿದರೂ ನನ್ನ ಕಡೆ ತಿರುಗಿ, "ಏನಂತಾರ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದ, ನನ್ನ ಗಂಟಲು ದೊಡ್ಡದು ಎಂಬ ಕಾರಣಕ್ಕೆ ಆ ಕೆಲಸ ನನಗೆ ಬಿದ್ದಿತ್ತು. ಎಲ್ಲರೂ ಬಂದು ಜಮಖಾನದ ಮೇಲೆ ಕೂತರು. ಸುದ್ದಿ ಎಲ್ಲರಿಗೂ ಮುಟ್ಟಿತ್ತು, ಆದರೂ ಯಾರೂ ಆ ಮಾತು ತೆಗೆಯಲಿಲ್ಲ. ಅವ್ವ ಎಂದಿನಂತೆ ತಂಬೂರಿ ತಂದು ಅಪ್ಪನ ಮುಂದಿಟ್ಟಳು. ಅಪ್ಪ ಅದನ್ನು ಕಾಕಾರ ಕಡೆ ಸರಿಸಿದ.

"ನೀವು ಮಾಡ್ರಿ. ನನಗ ಕೇಳಸಂಗಿಲ್ಲ" ಎಂದ. ನಂತರ ಎಲ್ಲರ ಮುಂದೆ ಕೈಮುಗಿದ. "ತಪ್ಪಾತರಿ. ನಿಮ್ಮ ಎರಕಾ ಛಲೋ ಇತ್ತು."

ಕಾಕಾ ತಂಬೂರಿಯನ್ನು ಮುಟ್ಟಲಿಲ್ಲ. ತಲೆ ತಗ್ಗಿಸಿ, ತಬಲಾದ ಸುತ್ತಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಮೆಲುದನಿಯಲ್ಲಿ ಹೇಳಿದರು. "ನನಗ ಮೊದಲಽ ಗೊತ್ತಿತ್ತು ಬಿಡ್ರಿ. ಒಂದು ವರ್ಷದಿಂದ ತಂಬೂರಿ ಶ್ರುತಿ ಕೂಡವಲ್ದು. ಜೋಡಿ ತಂತಿ ಒಂದ ಕಡೆ, ಪಂಚಮ ಒಂದ ಕಡೆ. ನಾವಽ ಹೆಂಗೋ ಹೊಂದಿಸಿಕೊಂಡು ಹಾಡತಿದ್ವಿ."

ನಾನು ಸುತ್ತ ನೋಡಿದೆ. ಯಾರಿಗೂ ಆಶ್ಚರ್ಯವಾಗಿರಲಿಲ್ಲ. ಅವ್ವ ಸೆರಗಿನ ಅಂಚು ಸುತ್ತುತ್ತ ಕೂತಿದ್ದಳು, ಅವಳಿಗೂ ಗೊತ್ತಿತ್ತು. ಅಪಸ್ವರದ ತಂಬೂರಿಗೆ ವಾರವಾರವೂ ಹಾಡಿದ್ದಳು. ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಮರ್ಯಾದೆಯಂತೆ ಮರ್ಯಾದೆ! ಒಬ್ಬನ ಕಿವಿ ಹೋಗಿದೆ, ಇನ್ನೊಬ್ಬನ ಅನ್ನ ಹೋಗುವುದರಲ್ಲಿದೆ, ಇವರು ಬಾಯಿಗೆ ಬೀಗ ಹಾಕಿಕೊಂಡು ದಾಸರ ಪದ ಹಾಡುತ್ತಾರೆ.

ಅಪ್ಪ ನನ್ನ ಕಡೆ ತಿರುಗಿದ. "ಏನಂತಾರವಾ?"

ಅವರ ಹಾಗೆ ನಾನೂ ಏನಾದರೂ ನುಂಗಿಬಿಡಬಹುದಿತ್ತು. "ಮೊದಲಽ ಗೊತ್ತಿತ್ತಂತ, ಅಪ್ಪಾ" ಎಂದು ಕೂಗಿ ಹೇಳಿದೆ. "ತಂಬೂರಿ ಕೇಳಿ ಗೊತ್ತಾತಂತ. ಎಲ್ಲಾರಿಗೂ."

ಅಪ್ಪ ಕಾಕಾರ ಕಡೆ ತಿರುಗಿದ. "ಗೊತ್ತಿದ್ದೂ ಮೆಮೊ ತಗೊಂಡು ಸುಮ್ಮ ಕುಂತ್ರೇನು? ನನ್ನ ಕಿವಿ ಕೆಟ್ಟಾವು ಅಂತ ಒಂದ ಮಾತು ಹೇಳಿದ್ರ ಮುಗೀತಿತ್ತಲ್ಲರಿ!"

ಕಾಕಾ ತಲೆ ಎತ್ತಿದರು. ಅವರು ದನಿ ಏರಿಸಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ನಿಮಗ ಕೇಳಸಂಗಿಲ್ಲ ಅಂತ ನಿಮಗ ಯಾ ಬಾಯಿಲೆ ಹೇಳಲಿರಿ ನಾನು?"

ಇದು ಮಾತ್ರ ಅಪ್ಪನಿಗೆ ಒಂದೇ ಸಲಕ್ಕೆ ಕೇಳಿಸಿತು.